ಇವನು ಇದರೊಳಗೆ ಹೋಗೋದು ಎಲ್ಲಿಂದ, ಸಾರ್?

ದಸರಾ ರಜ ಮುಗಿದ ವಾರ ನನ್ನ ಮೊಮ್ಮಗಳು ಶಾಲೆಯಿಂದ ಬಂದವಳೇ ಬ್ಯಾಗನ್ನು ಸೋಫಾ ಮೇಲೆ ಎಸೆದು, “ತಾತ, ನಿಂಗೆ ನಾಟಕದ ಡ್ರೆಸ್ ಬರೆಯೋಕೆ ಬರುತ್ತಂತೆ, ನಿಜಾನಾ? ಅಜ್ಜಿ ಹೇಳಿದ್ಲು” ಅಂದಳು.

ವಿಷಯ ಏನೆಂದರೆ, ಅವಳ ಶಾಲೆಯ ವಾರ್ಷಿಕೋತ್ಸವಕ್ಕೆ ಏಳನೇ ಕ್ಲಾಸಿನವರು ಏಕಲವ್ಯನ ನಾಟಕ ಆಡುತ್ತಾರೆ. ಇವಳಿಗೆ ಪಾತ್ರ ಇಲ್ಲ. ಅದಕ್ಕೆ ಬೇಜಾರೂ ಇಲ್ಲ. “ನಾನು ಡ್ರೆಸ್ ಡಿಪಾರ್ಟ್‌ಮೆಂಟು” ಎಂದು ಜಂಬದಿಂದ ಹೇಳಿದಳು. ಮೊದಲು ಚಿತ್ರ ಬರೆದು ತನ್ನಿ, ಆಮೇಲೆ ಬಟ್ಟೆ ಎಂದು ಅವರ ಮಿಸ್ ಹೇಳಿದ್ದಾರಂತೆ. ಅಡುಗೆಮನೆಯಿಂದ ನನ್ನ ಹೆಂಡತಿಯ ನಗು ಕೇಳಿಸಿತು. “ಏಕಲವ್ಯನಾ? ಅಟ್ಟದ ಮೇಲೆ ಹಸಿರು ಫೈಲು ಇದೆ ನೋಡಮ್ಮ. ಎಸೀರಿ ಎಸೀರಿ ಅಂತ ನಲವತ್ತು ವರ್ಷದಿಂದ ಬಡ್ಕೊಳ್ತಿದೀನಿ.”

ಫೈಲು ಸಿಕ್ಕಿತು. ಹುಳು ಅಂಚು ತಿಂದಿತ್ತು. ಒಳಗೆ 31 ಹಾಳೆ. ದ್ರೋಣ, ಹರಿಶ್ಚಂದ್ರ, ಒಬ್ಬ ಪೊಲೀಸು, ಮೂವರು ರಾಕ್ಷಸರು. ಎಲ್ಲಕ್ಕಿಂತ ಕೆಳಗೆ ಏಕಲವ್ಯ, ಮೈಮೇಲೆ ಕರಿ ಕಂಬಳಿ, ಕೈಯಲ್ಲಿ ಬಿಲ್ಲು. ಆ ಹಾಳೆಯನ್ನು ಅವಳು ಬೆಳಕಿಗೆ ಹಿಡಿದಾಗ ನನಗೆ ಯಾಕೋ ಮುಖ ಬೆಚ್ಚಗಾಯಿತು. ಯಾಕೆ ಅನ್ನೋದನ್ನು ಹೇಳಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ನಾನೇನೂ ಚಿತ್ರಕಾರನಲ್ಲ. ಬಿ.ಕಾಂ. ಮುಗಿಸಿ 1973ರಲ್ಲಿ ಬೆಂಗಳೂರಿನ ಒಂದು ಬ್ಯಾಂಕಿನಲ್ಲಿ ಗುಮಾಸ್ತನಾಗಿ ಸೇರಿದವನು, ಗುಮಾಸ್ತನಾಗಿಯೇ ನಿವೃತ್ತನಾದವನು. ಆಗ ಕಂಪ್ಯೂಟರ್ ಇರಲಿಲ್ಲ. ದೊಡ್ಡ ದೊಡ್ಡ ಲೆಡ್ಜರುಗಳಲ್ಲಿ ಕೈಯಲ್ಲೇ ಬರೆಯಬೇಕು. ನನ್ನ ಅಕ್ಷರ ದುಂಡಗಿತ್ತು, ಅದೊಂದೇ ನನ್ನ ಕಲೆ. ನಮ್ಮ ಬ್ಯಾಂಕಿನಲ್ಲಿ ಒಂದು ನಾಟಕದ ತಂಡ ಇತ್ತು. ಸಂಜೆ ಲೆಕ್ಕ ಟ್ಯಾಲಿ ಆದಮೇಲೆ ಮೇಜುಗಳನ್ನು ಗೋಡೆಗೆ ಸರಿಸಿ ರಿಹರ್ಸಲ್. ಒಂದು ರೂಪಾಯಿ ಹೆಚ್ಚುಕಮ್ಮಿ ಬಂದರೆ ಅವತ್ತು ದುರ್ಯೋಧನನೂ ಇಲ್ಲ ಭೀಮನೂ ಇಲ್ಲ, ಎಲ್ಲರೂ ಲೆಡ್ಜರಿನಲ್ಲಿ ಮುಖ ಹುದುಗಿಸಿ ಆ ರೂಪಾಯಿ ಹುಡುಕುತ್ತಿದ್ದೆವು.

ಮೊದಲೆಲ್ಲ ವೇಷವನ್ನು ಪೇಟೆಯ ಡ್ರಾಮಾ ಡ್ರೆಸ್ ಅಂಗಡಿಯಿಂದ ಬಾಡಿಗೆಗೆ ತರುತ್ತಿದ್ದರು. ಮಖಮಲ್ಲಿನ ನಿಲುವಂಗಿ, ಅದಕ್ಕೆ ಕಪ್ಪಾದ ಜರಿ. ಹೋದ ವಾರ ಯಾವುದೋ ಊರಿನಲ್ಲಿ ಕಂಸನಾಗಿದ್ದ ಅಂಗಿ ಈ ವಾರ ನಮ್ಮಲ್ಲಿ ಹರಿಶ್ಚಂದ್ರನಾಗುತ್ತಿತ್ತು. ಬೆವರಿನ ವಾಸನೆ ಮಾತ್ರ ಬದಲಾಗುತ್ತಿರಲಿಲ್ಲ.

ಆದರೆ ಬೆಂಗಳೂರಿನಲ್ಲಿ ಆಗ ಗಾಳಿ ಬೇರೆ ಬೀಸುತ್ತಿತ್ತು. ನಾನು ಊರಿಗೆ ಬರುವ ಹಿಂದಿನ ವರ್ಷ, 1972ರಲ್ಲಿ, ಬಿ.ವಿ. ಕಾರಂತರು ಜೋಕುಮಾರಸ್ವಾಮಿ, ಈಡಿಪಸ್, ಸಂಕ್ರಾಂತಿ ನಾಟಕಗಳನ್ನು ಬಯಲಿನಲ್ಲಿ ಆಡಿಸಿದ್ದರು. ಅದನ್ನು ನೋಡಿದವರು ವರ್ಷಗಟ್ಟಲೆ ಅದನ್ನೇ ಹೇಳುತ್ತಿದ್ದರು. ಅವರ ಪತ್ನಿ ಪ್ರೇಮಾ ಕಾರಂತರು ನಾಟಕಗಳಿಗೆ ವೇಷಭೂಷಣ ಮಾಡುತ್ತಿದ್ದರು. ಮುಂದೆ ಮಕ್ಕಳ ನಾಟಕಕ್ಕಾಗಿ ದುಡಿದವರೂ, ‘ಫಣಿಯಮ್ಮ’ ಸಿನಿಮಾ ನಿರ್ದೇಶಿಸಿದವರೂ ಅವರೇ. ಬಾಡಿಗೆ ಮಖಮಲ್ಲಿಲ್ಲದೆಯೂ ರಾಜ ರಾಜನಾಗಿ ಕಾಣಬಹುದು, ಪ್ರತಿ ನಾಟಕಕ್ಕೂ ಅದರದ್ದೇ ಬಟ್ಟೆ ಇರಬೇಕು ಅನ್ನುವ ಮಾತು ನಮ್ಮಂಥ ಹವ್ಯಾಸಿಗಳ ಕಿವಿಗೂ ಬಿತ್ತು. ನಮ್ಮ ನಿರ್ದೇಶಕರು, ಅಂದರೆ ನಮ್ಮ ಸಬ್ ಮ್ಯಾನೇಜರು, ಭರತನ ನಾಟ್ಯಶಾಸ್ತ್ರದ ಬಗ್ಗೆ ಒಂದು ಭಾಷಣವನ್ನೇ ಕೊಟ್ಟರು. ಅಭಿನಯ 4 ಬಗೆ: ಆಂಗಿಕ, ವಾಚಿಕ, ಸಾತ್ತ್ವಿಕ, ಆಹಾರ್ಯ. ಆಹಾರ್ಯ ಅಂದರೆ ರಿಹರ್ಸಲ್ಲಿನಲ್ಲಿ ಕೊಡುವ ಬೋಂಡ ಕಾಫಿ ಅಂತ ನಾನು ತಿಳಿದುಕೊಂಡಿದ್ದೆ. ಅಲ್ಲವಂತೆ, ನಟನ ಮೈಮೇಲಿನ ಬಟ್ಟೆ, ಬಣ್ಣ, ಒಡವೆ, ಕಿರೀಟ ಎಲ್ಲವೂ ಆಹಾರ್ಯ. ಬಟ್ಟೆಯೂ ಅಭಿನಯ ಮಾಡುತ್ತದೆ ಎಂದು ಸಾವಿರಾರು ವರ್ಷದ ಹಿಂದೆಯೇ ಬರೆದಿಟ್ಟಿದ್ದಾರೆ. “ನಿನ್ನ ಅಕ್ಷರ ಚೆನ್ನಾಗಿದೆ, ನೀನೇ ಡ್ರೆಸ್ ಬರಿ” ಎಂದು ನನ್ನ ತಲೆಗೆ ಕಟ್ಟಿದರು. ಅಕ್ಷರಕ್ಕೂ ಡ್ರೆಸ್ಸಿಗೂ ಏನು ಸಂಬಂಧವೋ ಗೊತ್ತಿಲ್ಲ. ಬ್ಯಾಂಕಿನಲ್ಲಿ ಮೇಲಿನವರು ಹೇಳಿದರೆ ಮಾಡಬೇಕು, ಅಷ್ಟೇ.

ಹೀಗೆ ಬರೆದ ನನ್ನ ಮೊದಲ ಚಿತ್ರ ದ್ರೋಣಾಚಾರ್ಯರದ್ದು. ಒಂದು ಭಾನುವಾರ ಪೂರ್ತಿ ಕೂತು ಬರೆದೆ. ಗಡ್ಡದ ಒಂದೊಂದು ಎಳೆ, ಕಣ್ಣಿನಲ್ಲಿ ತೇಜಸ್ಸು. ಅದನ್ನು ಹಿಡಿದುಕೊಂಡು ನಮ್ಮ ಬ್ರಾಂಚಿನ ಹಿಂದಿನ ಗಲ್ಲಿಯಲ್ಲಿದ್ದ ಟೈಲರ್ ಅಂಗಡಿಗೆ ಹೋದೆ. ನಮ್ಮ ಪ್ಯೂನುಗಳ ಖಾಕಿ ಯೂನಿಫಾರಂ ಹೊಲಿಯುತ್ತಿದ್ದವರು ಅವರೇ. ಎಲ್ಲರೂ ಮಾಸ್ಟರ್ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಅವರು ನನ್ನನ್ನು ಬ್ಯಾಂಕ್ ಸಾರ್ ಎನ್ನುತ್ತಿದ್ದರು. ನನಗಿಂತ ಹದಿನೈದು ವರ್ಷಕ್ಕಾದರೂ ದೊಡ್ಡವರು. ಕುತ್ತಿಗೆಯಲ್ಲಿ ಟೇಪು, ಕಿವಿಯ ಮೇಲೆ ಪೆನ್ಸಿಲ್ ತುಂಡು.

ಚಿತ್ರವನ್ನು ಬಹಳ ಹೊತ್ತು ನೋಡಿದರು. ಹೊಗಳಿಕೆಗೆ ನಾನು ಕಾಯುತ್ತ ನಿಂತಿದ್ದೆ.

“ಚಿತ್ರ ಚೆನ್ನಾಗೈತೆ ಸಾರ್. ಇವನು ಇದರೊಳಗೆ ಹೋಗೋದು ಎಲ್ಲಿಂದ?”

ನನಗೆ ಅರ್ಥವಾಗಲಿಲ್ಲ. ಅವರು ಬೆರಳಿಟ್ಟು ತೋರಿಸಿದರು. ಕುತ್ತಿಗೆ ಇಷ್ಟು ಬಿಗಿ, ಮುಂದೆ ಗುಂಡಿ ಇಲ್ಲ, ಪಕ್ಕದಲ್ಲಿ ಸೀಳಿಲ್ಲ. ಹಿಂದೆ ಇದೆಯೋ ಏನೋ, ಹಿಂದಿನ ಚಿತ್ರವೇ ಇಲ್ಲವಲ್ಲ. “ಮುಖ ಯಾಕೆ ಇಷ್ಟು ಕಷ್ಟಪಟ್ಟು ಬರೆದ್ರಿ? ಮುಖ ದೇವರು ಹೊಲಿದು ಆಗೈತೆ. ನನಗೆ ಬೆನ್ನು ತೋರಿಸಿ.”

ಅವತ್ತು ಮುಖಭಂಗವಾದರೂ, ನಾಟಕದ ವೇಷದ ಚಿತ್ರ ಅಂದರೆ ಏನು ಅಂತ ನನಗೆ ಗೊತ್ತಾಗಿದ್ದು ಆ ಅಂಗಡಿಯ ಸ್ಟೂಲಿನ ಮೇಲೆ. ಮಕ್ಕಳೇ, ಇದನ್ನು ನೀವೂ ಕೇಳಿಸಿಕೊಳ್ಳಿ, ನಿಮ್ಮ ಶಾಲೆಯಲ್ಲೂ ನಾಟಕ ಇರುತ್ತದಲ್ಲ. ಅದು ಗೋಡೆಗೆ ಹಾಕುವ ಚಿತ್ರವಲ್ಲ. ಅದು ಹೊಲಿಯುವವರಿಗೆ ಬರೆದ ಕಾಗದ. ಮುಂದೆ ಹೇಗೆ ಹಿಂದೆ ಹೇಗೆ ಎರಡೂ ಬೇಕು. ಯಾವ ಬಟ್ಟೆ ಅನ್ನೋದನ್ನು ಮಾತಿನಲ್ಲಿ ಹೇಳಿದರೆ ಸಾಲದು, ಒಂದು ಚೂರು ಕತ್ತರಿಸಿ ಗುಂಡುಸೂಜಿಯಲ್ಲಿ ಹಾಳೆಗೇ ಚುಚ್ಚಬೇಕು. ಬಟ್ಟೆ ಹೇಗೆ ಇಳಿಬೀಳುತ್ತದೆ ಅನ್ನೋದು ಬೆರಳಿಗೆ ಗೊತ್ತಾಗುತ್ತದೆ, ಕಣ್ಣಿಗಲ್ಲ. ಪಾತ್ರಧಾರಿ ಕುಳಿತುಕೊಳ್ಳುತ್ತಾನೋ, ಓಡುತ್ತಾನೋ, ಕೈ ಮೇಲೆತ್ತುತ್ತಾನೋ ಅಂತ ಪಕ್ಕದಲ್ಲಿ ಬರೆಯಬೇಕು. ಒಂದು ದೃಶ್ಯಕ್ಕೂ ಇನ್ನೊಂದಕ್ಕೂ ನಡುವೆ ವೇಷ ಬದಲಿಸುವುದಿದ್ದರೆ ಗುಂಡಿ ಬೇಡ, ಟಿಚ್ ಬಟನ್ ಹಾಕಿ ಅನ್ನಬೇಕು. ಬೆನ್ನಿಗೆ ಹುಕ್ಕು ಇಟ್ಟರೆ ಅದನ್ನು ಹಾಕಲು ಇನ್ನೊಬ್ಬರು ಪರದೆ ಹಿಂದೆ ನಿಂತಿರಬೇಕು. ಸಣ್ಣ ಹೂವಿನ ಕಸೂತಿ ಮೊದಲ ಸಾಲಿನವರಿಗೆ ಕಂಡೀತು, ಕೊನೆಯ ಸಾಲಿಗೆ ಅದು ಕೊಳೆಯ ಕಲೆ. ಹಾಗಾಗಿ ವಿನ್ಯಾಸ ದೊಡ್ಡದಿರಬೇಕು.

ಬೆಳಕಿನ ಕಥೆಯನ್ನು ಮಾಸ್ಟರೂ ನಾನೂ ಒಟ್ಟಿಗೇ ಪೆಟ್ಟು ತಿಂದು ಕಲಿತೆವು. ವನದೇವತೆಗೆ ಎಲೆ ಹಸಿರು ಸೀರೆ ಎಂದು ನಾನು ಬರೆದಿದ್ದೆ. ನಿರ್ದೇಶಕರು ಆ ದೃಶ್ಯಕ್ಕೆ ಕೆಂಪು ದೀಪ ಬಿಟ್ಟರು. ಹಸಿರು ಬಟ್ಟೆ ಕೆಂಪು ಬೆಳಕಿನಲ್ಲಿ ಕಪ್ಪಾಗುತ್ತದೆ. ವನದೇವತೆ ಯಮನ ತಂಗಿಯಂತೆ ಬಂದು ನಿಂತಳು.

ಇನ್ನು ಏಕಲವ್ಯನ ವಿಷಯ. 1978ರ ಏಪ್ರಿಲ್‌ನಲ್ಲಿ ಬ್ಯಾಂಕುಗಳ ನಡುವಿನ ನಾಟಕ ಸ್ಪರ್ಧೆಗೆ ನಾವು ಕುವೆಂಪು ಅವರ ‘ಬೆರಳ್‌ಗೆ ಕೊರಳ್’ ಆರಿಸಿಕೊಂಡೆವು. ಏಕಲವ್ಯನಾಗಿ ನಮ್ಮ ಕ್ಯಾಶಿಯರು, ದ್ರೋಣರಾಗಿ ಸಬ್ ಮ್ಯಾನೇಜರು. ಕಾಡಿನ ಹುಡುಗನಿಗೆ ಹುಲಿ ಚರ್ಮದ ಪ್ರಿಂಟಿನ ಬಟ್ಟೆ ಹಾಕುವುದು ಎಲ್ಲರೂ ಮಾಡುವ ಕೆಲಸ. ನನಗೆ ಬೇರೆ ಬೇಕಿತ್ತು. ಊರಿನಲ್ಲಿ ಕುರುಬರು ನೇಯುವ ಕರಿ ಕಂಬಳಿ ಇರುತ್ತದಲ್ಲ, ಒರಟು, ಗಟ್ಟಿ, ಮಳೆ ನೀರು ಕೂಡ ಒಳಗಿಳಿಯದು. ಅದನ್ನೇ ಕತ್ತರಿಸಿ ಮೊಣಕಾಲಿನವರೆಗಿನ ಅಂಗಿ ಮಾಡಬೇಕು. ಬಂಡೆಯಂತೆ ಸೆಟೆದು ನಿಲ್ಲಬೇಕು, ಅದಕ್ಕೆ ಒಳಗೆ ದಪ್ಪ ಡ್ರಿಲ್ ಬಟ್ಟೆಯ ಅಸ್ತರ್. ಈ ಸಲ ಬೆನ್ನನ್ನೂ ಬರೆದೆ, ಕಂಬಳಿ ಚೂರನ್ನೂ ಚುಚ್ಚಿದೆ. ನನ್ನ ಅಷ್ಟೂ ಚಿತ್ರಗಳಲ್ಲಿ ಅದೇ ಚೆನ್ನಾಗಿ ಬಂದಿದ್ದು. ಅದು ನನಗೂ ಗೊತ್ತಿತ್ತು, ಅದೇ ತೊಂದರೆ.

ಮಾಸ್ಟರ್ ಚಿತ್ರ ನೋಡಿ, “ಏಪ್ರಿಲ್ ಸಾರ್” ಅಂದರು.

“ಗೊತ್ತು ಮಾಸ್ಟರ್.”

“ಗೋಣಿ ಬಟ್ಟೆಗೆ ಕರಿ ಬಣ್ಣ ಹಾಕಿ ಕೊಡ್ಲಾ? ದೂರಕ್ಕೆ ಕಂಬಳಿ ಥರಾನೇ ಕಾಣುತ್ತೆ.”

ನಾನು ಒಪ್ಪಲಿಲ್ಲ. ಅಸ್ತರ್ ತೆಳುವಾಗಿರಲಿ ಅಂದರು, ಅದಕ್ಕೂ ಇಲ್ಲ. ಒಂದು ದಾರವೂ ಆಚೀಚೆ ಆಗಕೂಡದು ಅಂದೆ. ಇಪ್ಪತ್ತೇಳು ವರ್ಷದ ಹುಡುಗ, ಅವರು ಕತ್ತರಿ ಹಿಡಿದು ಎಷ್ಟು ವರ್ಷವಾಗಿತ್ತೋ. ಅವರು ಮರುಮಾತಾಡದೆ ಕಿವಿಯಿಂದ ಪೆನ್ಸಿಲ್ ತೆಗೆದು ನನ್ನ ಚಿತ್ರದ ಮೇಲೆಯೇ, ಅಂಚಿನಲ್ಲಿ, ಏಕಲವ್ಯನ ಎದೆಯ ಮೇಲೆ, ಉರ್ದುವಿನಲ್ಲಿ ಏನೇನೋ ಅಳತೆ ಗೀಚಿಕೊಂಡರು. ಅವರು ಒತ್ತಿ ಬರೆಯುವ ಮನುಷ್ಯ. ನನಗೆ ಕರುಳು ಚುರುಕ್ಕೆಂದಿತು.

ಗ್ರ್ಯಾಂಡ್ ರಿಹರ್ಸಲ್ ದಿನ ಕ್ಯಾಶಿಯರು ಪೂರ್ತಿ ವೇಷದಲ್ಲಿ ಬಂದರು. ನೋಡಿದವರೆಲ್ಲ ಆಹಾ ಅಂದರು. ಮುಕ್ಕಾಲು ಗಂಟೆ ಆಗಿರಬೇಕು, ಗುರುಗಳ ಮುಂದೆ ಮಂಡಿಯೂರುವ ಜಾಗದಲ್ಲಿ ಮಂಡಿಯೂರಿದವರು ಮೇಲೇಳಲೇ ಇಲ್ಲ. ಅಭಿನಯ ಎಂದುಕೊಂಡು ನಾವು ಚಪ್ಪಾಳೆ ತಟ್ಟಿದೆವು. ದ್ರೋಣರೇ ಮೊದಲು ಗಾಬರಿಯಾಗಿ “ನೀರು ತನ್ನಿ” ಎಂದು ಕೂಗಿದ್ದು. ಅಂಗಿ ಬಿಚ್ಚಿದಾಗ ಮೈಯೆಲ್ಲ ಕೆಂಪು, ಬೆವರು ಧಾರಾಕಾರ. ಅವರ ಹೆಂಡತಿ ಆಗ ಏಳು ತಿಂಗಳ ಬಸುರಿ, ಅಲ್ಲೇ ಕುಳಿತಿದ್ದರು. ಅವರು ನನ್ನ ಕಡೆ ನೋಡಿದ ನೋಟ ಇವತ್ತಿಗೂ ನೆನಪಿದೆ.

ಪ್ರದರ್ಶನಕ್ಕೆ ಎರಡೇ ದಿನ. ಅಂಗಿಯನ್ನು ಮಾಸ್ಟರ್ ಹತ್ತಿರ ತಗೊಂಡು ಹೋದೆ. ಆಗಲೂ ನಾನು ಹೇಳಿದ್ದು ಇಷ್ಟೇ: “ಬೆವರಿನ ಕಲೆ ಒರೆಸಿ ಕೊಡಿ ಮಾಸ್ಟರ್. ಹೊಲಿಗೆ ಮುಟ್ಟಬೇಡಿ.” ಅವರು ಅಂಗಿಯನ್ನು ಒಮ್ಮೆ, ಚಿತ್ರವನ್ನು ಒಮ್ಮೆ ನೋಡಿ, “ಬಿಟ್ಟು ಹೋಗಿ ಸಾರ್, ಚಿತ್ರನೂ ಇರ್ಲಿ” ಅಂದರು. ಪ್ರದರ್ಶನದ ದಿನ ಪರದೆಯ ಪಕ್ಕದಲ್ಲಿ ಟೇಬಲ್ ಫ್ಯಾನ್ ಇಟ್ಟೆವು, ಕ್ಯಾಶಿಯರಿಗೆ ಎರಡು ಲೋಟ ಗ್ಲೂಕೋಸ್ ಕುಡಿಸಿದೆವು. ನಾಟಕ ಸುಸೂತ್ರವಾಗಿ ನಡೆಯಿತು. ಗ್ಲೂಕೋಸಿನ ಮಹಿಮೆ ಎಂದು ನಾನು ನಂಬಿಕೊಂಡೆ. ವೇಷಭೂಷಣಕ್ಕೆ ಪ್ರಶಸ್ತಿಯೂ ಬಂತು. ಸರ್ಟಿಫಿಕೇಟಿನಲ್ಲಿ ನನ್ನ ಹೆಸರು.

ಇಂಗ್ಲೆಂಡಿನಲ್ಲಿ ನಾನೂರು ವರ್ಷದ ಹಿಂದೆ ಇನಿಗೋ ಜೋನ್ಸ್ ಎಂಬ ವಾಸ್ತುಶಿಲ್ಪಿ ಅರಮನೆಯ ನಾಟಕಗಳಿಗೆ ವೇಷದ ಚಿತ್ರ ಬರೆಯುತ್ತಿದ್ದ. ಆ ನಾಟಕಗಳ ಕವಿ ಬೆನ್ ಜಾನ್ಸನ್. 1631ರಲ್ಲಿ ಅಚ್ಚಾದ ಪುಸ್ತಕದಲ್ಲಿ ಯಾರ ಹೆಸರು ಮೊದಲು ಬರಬೇಕು ಎಂದು ಇಬ್ಬರಿಗೂ ಜಗಳವಾಗಿ ಸ್ನೇಹವೇ ಮುರಿದುಬಿತ್ತು. ಇದನ್ನು ಓದಿದಾಗ ನನಗೆ ನಗು ಬಂತು. ಸೂಜಿ ಹಿಡಿದವರ ಹೆಸರು ಆ ಜಗಳದಲ್ಲೂ ಇಲ್ಲ, ನನ್ನ ಸರ್ಟಿಫಿಕೇಟಿನಲ್ಲೂ ಇಲ್ಲ.

ಅಷ್ಟಕ್ಕೇ ನಿಂತಿದ್ದರೆ ಮುಖ ಬೆಚ್ಚಗಾಗುವ ಮಾತಿರಲಿಲ್ಲ. ಪ್ರಶಸ್ತಿ ಬಂದ ಚಿತ್ರಗಳನ್ನು ನಮ್ಮ ಹೆಡ್ ಆಫೀಸಿನ ಹಾಲಿನಲ್ಲಿ ಒಂದು ವಾರ ಪ್ರದರ್ಶನಕ್ಕಿಡುತ್ತೇವೆ ಎಂದರು. ನನ್ನ ಏಕಲವ್ಯನ ಮೈಮೇಲೆಲ್ಲ ಮಾಸ್ಟರ ಗೀಚು. ರಾತ್ರಿ ಕೂತು, ಒಂದು ರಬ್ಬರ್ ಸವೆಯುವವರೆಗೆ ಆ ಗೀಚನ್ನೆಲ್ಲ ಉಜ್ಜಿ ಉಜ್ಜಿ ಅಳಿಸಿದೆ. ಎಷ್ಟು ಅಚ್ಚುಕಟ್ಟಾಗಿ ಅಳಿಸಿದ್ದೆ ಎಂದರೆ, ಹಾಲಿನಲ್ಲಿ ಚಿತ್ರ ನೋಡಲು ಮಾಸ್ಟರೂ ಬಂದಿದ್ದರು, ಬಿಳಿ ಜುಬ್ಬಾ ಹಾಕಿಕೊಂಡು. ಚಿತ್ರದ ಮುಂದೆ ಸ್ವಲ್ಪ ಹೊತ್ತು ನಿಂತರು. “ಸ್ವಚ್ಛ ಆಗೈತೆ ಸಾರ್” ಅಂದರು. ನಾನು ಅದನ್ನು ಹೊಗಳಿಕೆ ಎಂದೇ ತಗೊಂಡೆ.

ಅದು ಹೊಗಳಿಕೆ ಅಲ್ಲ ಎಂದು ನನಗೆ ಹೊಳೆದದ್ದು ನಿವೃತ್ತನಾದ ಮೇಲೆ, ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲಿ. ಅಲ್ಲಿ ರೋರಿಚ್ ತಂದೆ ಮಕ್ಕಳ ಚಿತ್ರಗಳ ಗ್ಯಾಲರಿ ಇದೆ. ಮಗ ಸ್ವೆತೊಸ್ಲಾವ್ ರೋರಿಚ್ ನಮ್ಮ ಹಿರಿಯರಿಗೆಲ್ಲ ಗೊತ್ತು. ಚಿತ್ರನಟಿ ದೇವಿಕಾ ರಾಣಿಯವರ ಪತಿ, ಕನಕಪುರ ರಸ್ತೆಯ ತಾತಗುಣಿ ಎಸ್ಟೇಟಿನಲ್ಲಿದ್ದವರು, 1993ರಲ್ಲಿ ತೀರಿಕೊಂಡರು. ತಂದೆ ನಿಕೊಲಸ್ ರೋರಿಚ್ ರಷ್ಯಾದವರು. ಕಡೆಗಾಲದಲ್ಲಿ ಕುಲು ಕಣಿವೆಯ ನಗ್ಗರ್‌ನಲ್ಲಿ ನೆಲೆಸಿ ಹಿಮಾಲಯವನ್ನು ಬರೆದರು, 1947ರಲ್ಲಿ ಅಲ್ಲೇ ತೀರಿಕೊಂಡರು. ಆ ನೀಲಿ ಬೆಟ್ಟಗಳ ಮುಂದೆ ನಿಂತಿದ್ದಾಗ ಪಕ್ಕದಲ್ಲಿದ್ದ ಒಬ್ಬ ವಿದ್ಯಾರ್ಥಿ ತನ್ನ ಗೆಳತಿಗೆ, ಈ ಮಹಾಶಯ ಹಿಂದೆ ನಾಟಕ, ನೃತ್ಯಗಳಿಗೆ ಡ್ರೆಸ್ ಡಿಸೈನ್ ಮಾಡುತ್ತಿದ್ದ ಅಂದ. ನನ್ನ ಕಿವಿ ನೆಟ್ಟಗಾಯಿತು. ಮನೆಗೆ ಬಂದು ಮಗನ ಕೈಯಲ್ಲಿ ಪುಸ್ತಕ ತರಿಸಿ ಓದಿದೆ.

1911ರಲ್ಲಿ ರೋರಿಚ್ ಮತ್ತು ಸಂಗೀತಗಾರ ಸ್ಟ್ರಾವಿನ್‌ಸ್ಕಿ ರಷ್ಯಾದ ತಲಾಷ್ಕಿನೊ ಎಂಬ ಊರಿನಲ್ಲಿ ಕೂತು ಒಂದು ನೃತ್ಯ ನಾಟಕದ ಕಥೆ ಕಟ್ಟಿದರು. ಬಹಳ ಹಿಂದಿನ ಕಾಲದ ರಷ್ಯಾದ ಹಳ್ಳಿಗರು ವಸಂತ ಬಂದಾಗ ಮಾಡುವ ಪೂಜೆ, ಕೊನೆಗೆ ಒಬ್ಬ ಹುಡುಗಿ ಕುಣಿದು ಕುಣಿದೇ ಪ್ರಾಣ ಬಿಡುತ್ತಾಳೆ. ರೋರಿಚ್ ಬರೀ ಚಿತ್ರಕಾರನಲ್ಲ, ಹಳೆಯ ದಿಬ್ಬಗಳನ್ನು ಅಗೆದು ನೋಡಿದ ಪುರಾತತ್ವಜ್ಞ. ತಲಾಷ್ಕಿನೊದ ರಾಜಕುಮಾರಿಯೊಬ್ಬರ ಬಳಿ ಹಳ್ಳಿಗರ ಉಡುಪು, ಕಸೂತಿಗಳ ದೊಡ್ಡ ಸಂಗ್ರಹವಿತ್ತು. ಅದನ್ನೆಲ್ಲ ನೋಡಿ ವೇಷಗಳನ್ನು ಬರೆದರು. ಬಿಳಿ, ಕೆಂಪು ಉದ್ದನೆಯ ಅಂಗಿಗಳು, ಮೇಲೆ ದೊಡ್ಡ ದೊಡ್ಡ ಸುತ್ತು, ಚೌಕ, ಪಟ್ಟಿ. ಕೊನೆಯ ಸಾಲಿಗೂ ಕಾಣುವಷ್ಟು ದೊಡ್ಡವು. ಮಾಸ್ಟರ್ ನೋಡಿದ್ದರೆ ತಲೆದೂಗುತ್ತಿದ್ದರು.

ಬಟ್ಟೆ ಯಾವುದು ಗೊತ್ತೇ? ಉಣ್ಣೆ. ದಪ್ಪ ಉಣ್ಣೆ ಫ್ಲಾನೆಲ್, ಅದರ ಮೇಲೆ ಬಣ್ಣದಲ್ಲಿ ಬರೆದ ವಿನ್ಯಾಸ. ತಲೆಗೆ ಟೊಪ್ಪಿ, ಗಂಡಸರಿಗೆ ಕಟ್ಟಿದ ಗಡ್ಡ. 1913ರ ಮೇ 29ರಂದು ಪ್ಯಾರಿಸ್ಸಿನಲ್ಲಿ ಡಿಯಾಗಿಲೆವ್ ಕಂಪನಿಯ ನರ್ತಕರು ಅದನ್ನು ಹಾಕಿಕೊಂಡು ನೆಗೆದು ನೆಗೆದು ಕುಣಿದರು. ಆ ಸಂಗೀತ, ಆ ಕುಣಿತ ಎರಡೂ ಜನರಿಗೆ ಹೊಸದು. ಸಭೆಯಲ್ಲಿ ಎಂಥ ಗಲಾಟೆಯೆಂದರೆ ನರ್ತಕರಿಗೆ ವಾದ್ಯವೇ ಕೇಳದಂತಾಗಿ, ಕುಣಿತ ಕಲಿಸಿದ ನಿಜಿನ್‌ಸ್ಕಿ ಪರದೆಯ ಪಕ್ಕದಲ್ಲಿ ಕುರ್ಚಿ ಹತ್ತಿ ನಿಂತು ತಾಳದ ಎಣಿಕೆ ಕೂಗಿದನಂತೆ. ಚರಿತ್ರೆಯವರು ಈ ಗಲಾಟೆಯನ್ನೇ ಬರೆಯುತ್ತಾರೆ. ನಾನು ಮಾತ್ರ ಆ ಉಣ್ಣೆಯೊಳಗೆ ಬೇಯುತ್ತಿದ್ದ ನರ್ತಕರನ್ನು ನೆನೆದೆ. ಸೆಕೆ ತಡೆಯಲಾರದೆ ಅವರೂ ಗೊಣಗಿದ್ದಾರೆ. ಓದಿದಾಗ ನಮ್ಮ ಕ್ಯಾಶಿಯರು ಕಣ್ಣಮುಂದೆ ಬಂದರು. ರೋರಿಚ್ ಮಾಡಿದ ತಪ್ಪನ್ನೇ ನಾನೂ ಮಾಡಿದ್ದೇನೆ ಎಂದು ಸ್ವಲ್ಪ ಹೆಮ್ಮೆಯೂ ಆಯಿತು ಅನ್ನಿ!

ಹೆಮ್ಮೆ ಇಳಿದದ್ದು ಮುಂದಿನ ಪುಟದಲ್ಲಿ. ಆ ಕುಣಿತ ಪ್ಯಾರಿಸ್ಸು, ಲಂಡನ್ನು ಸೇರಿ ಬೆರಳೆಣಿಕೆಯಷ್ಟು ಪ್ರದರ್ಶನ ಕಂಡು ನಿಂತುಹೋಯಿತು. ಮತ್ತೆ ಅದನ್ನು ಹಾಗೇ ಆಡಬೇಕೆಂದಾಗ ಯಾರಿಗೂ ನೆನಪಿಲ್ಲ. ಮಿಲಿಸೆಂಟ್ ಹಾಡ್ಸನ್ ಎಂಬ ಮಹಿಳೆ ಕುಣಿತದ ಜಾಡನ್ನು, ಕೆನೆತ್ ಆರ್ಚರ್ ಎಂಬುವರು ವೇಷ ಮತ್ತು ರಂಗಸಜ್ಜಿಕೆಯ ಜಾಡನ್ನು ವರ್ಷಗಟ್ಟಲೆ ಹುಡುಕಿದರು. ರೋರಿಚ್ಚರ ಚಿತ್ರಗಳು, ಉಳಿದ ಹಳೆಯ ಅಂಗಿಗಳು, ಸಂಗೀತದ ಹಾಳೆಯ ಮೇಲಿನ ಗುರುತು, ಯಾರೋ ಅಂಚಿನಲ್ಲಿ ಗೀಚಿದ ಟಿಪ್ಪಣಿ, ಮುದುಕರಾದ ನರ್ತಕರ ನೆನಪು, ಎಲ್ಲವನ್ನೂ ಕೂಡಿಸಿ 1987ರಲ್ಲಿ ಅಮೆರಿಕದ ಜಾಫ್ರಿ ಬ್ಯಾಲೆ ತಂಡದಿಂದ ಅದನ್ನು ಮತ್ತೆ ಆಡಿಸಿದರು. ಅಸಲು ಅಂಗಿಗಳಲ್ಲಿ ಕೆಲವು ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿ ಇಂದಿಗೂ ಇವೆ.

ಅಂಚಿನ ಗೀಚು ಅನ್ನೋ ಮಾತು ಓದಿದಾಗ ಪುಸ್ತಕ ಮುಚ್ಚಿಟ್ಟೆ. ನಾನು ಅಳಿಸಿದ್ದೂ ಅದನ್ನೇ ಅಲ್ಲವೇ? ನನ್ನ ಹಾಳೆಯಲ್ಲಿ ಉಳಿದದ್ದು ಒಂದು ಅಂಗಿಯ ಬಯಕೆ ಮಾತ್ರ. ಅಂಗಿ ಆದದ್ದು ಹೇಗೆ ಎಂಬುದು ರಬ್ಬರಿನ ಪುಡಿಯಲ್ಲಿ ಹೋಯಿತು. ಮಾಸ್ಟರನ್ನು ಹೋಗಿ ನೋಡಬೇಕು ಎಂದುಕೊಂಡೆ. ಇವತ್ತು ನಾಳೆ ಅನ್ನುವಷ್ಟರಲ್ಲಿ ಅವರು ಹೋದ ಸುದ್ದಿ ಬಂತು. ಅಂಗಿಯೂ ಯಾವತ್ತೋ ಹೆಗ್ಗಣದ ಪಾಲಾಗಿತ್ತು.

ಈಗ ಮೊಮ್ಮಗಳ ಕೈಯಲ್ಲಿ ಆ ಹಾಳೆ. “ತಾತ, ಇದನ್ನೇ ಮಾಡೋಣ. ಆದ್ರೆ ಇವನು ಬಿಲ್ಲು ಎಳೆಯೋದು ಹೇಗೆ? ಇಷ್ಟು ದಪ್ಪ ತೋಳಲ್ಲಿ ಕೈ ಮೇಲೆ ಬರುತ್ತಾ?” ಅಂದಳು. ಎಪ್ಪತ್ತು ದಾಟಿದ ಮೇಲೂ ನನ್ನ ಹತ್ತಿರ ಅದಕ್ಕೆ ಉತ್ತರವಿರಲಿಲ್ಲ. ಅದಕ್ಕೇ ಇಷ್ಟೂ ಕಥೆಯನ್ನು ಅವಳಿಗೆ ಹೇಳಿದೆ, ರಬ್ಬರ್ ಸಮೇತ.

ಬೈಯುತ್ತಾಳೆ ಎಂದುಕೊಂಡಿದ್ದೆ. ಅವಳು ಹಾಳೆಯ ಹಿಂಬದಿಯನ್ನು ಬೆರಳಿನಿಂದ ಸವರುತ್ತಿದ್ದಳು. “ಉಬ್ಬು ಇದೆ ತಾತ!” ಒತ್ತಿ ಬರೆಯುವ ಕೈ ಎಂದೆನಲ್ಲ. ಬರಹ ಹೋದರೂ ಅದರ ಗುಳಿ ಹಾಳೆಯ ಹಿಂದೆ ಉಬ್ಬಾಗಿ ಉಳಿದಿತ್ತು. ನಾಣ್ಯದ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಸಿಂಹ ಮೂಡಿಸುವ ಆಟ ನಾವೆಲ್ಲ ಆಡಿದವರೇ. ಅವಳು ಮೆತ್ತನೆ ಪೆನ್ಸಿಲನ್ನು ಮಲಗಿಸಿ ಹಿಂಬದಿಯಲ್ಲಿ ಹಗುರವಾಗಿ ಉಜ್ಜುತ್ತ ಹೋದಳು. ಬೂದು ಬಣ್ಣದೊಳಗಿಂದ ಕರಿ ಗೆರೆಗಳು ಒಂದೊಂದಾಗಿ ಎದ್ದವು. ಎಲ್ಲ ತಿರುಗುಮುರುಗು. ಅದಕ್ಕೂ ಅವಳ ಬಳಿ ಉಪಾಯವಿತ್ತು, ಫೋನಿನಲ್ಲಿ ಫೋಟೋ ತೆಗೆದು ಎಡ ಬಲ ತಿರುಗಿಸಿದಳು. ಉರ್ದು ಅಂಕಿಗಳನ್ನೂ ಫೋನಿನಲ್ಲೇ ನೋಡಿ ಕಂಡುಹಿಡಿದಳು. 34, ಅದು ಕ್ಯಾಶಿಯರ ಎದೆ. 16, ಭುಜ. ಅಂಕಿಗಳ ಕೆಳಗೆ ಮೂರು ಸಾಲು ಬರಹ. ಅದು ಮಾತ್ರ ನಮಗೆ ದಕ್ಕಲಿಲ್ಲ.

ಭಾನುವಾರ ಬೆಳಿಗ್ಗೆ ಇಬ್ಬರೂ ಆ ಗಲ್ಲಿಗೆ ಹೋದೆವು. ಅಂಗಡಿ ಇದೆ, ಈಗ ಮಾಸ್ಟರ ಮಗ ಶಾಲಾ ಯೂನಿಫಾರಂ ಹೊಲಿಯುತ್ತಾನೆ. ಫೋನ್ ನೋಡಿ ನಕ್ಕ. “ನಾನು ಓದಿದ್ದು ಕನ್ನಡ ಮೀಡಿಯಂ ಅಂಕಲ್, ಉರ್ದು ಬರಲ್ಲ. ಅಮ್ಮನ್ನ ಕರೀತೀನಿ ಇರಿ.”

ಒಳಗಿನಿಂದ ಅವನ ತಾಯಿ ಬಂದರು. ಕನ್ನಡಕ ಏರಿಸಿಕೊಂಡು ಫೋನು ಬಿಟ್ಟು ಹಾಳೆಯನ್ನೇ ಕೈಗೆ ತಗೊಂಡರು. ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಫೋನಿನ ಚಿತ್ರ ಇಟ್ಟುಕೊಂಡು ಬೆರಳಿಟ್ಟು ಓದಿದರು. “ಬಗಲ್ ಖುಲಾ ರಖೋ. ಅಂದ್ರೆ, ಕಂಕುಳು ಹೊಲೀಬೇಡ, ತೆರೆದಿಡು. ಅಸ್ತರ್ ನಿಕಾಲೋ, ಮಲ್ ಲಗಾವ್. ಒಳಗಿನ ದಪ್ಪ ಬಟ್ಟೆ ತೆಗೆದು ಮಲ್ ಬಟ್ಟೆ ಹಾಕು. ಕೆಲಸದ ಹುಡುಗನಿಗೆ ಬರೆದಿರೋದು.” ಮೂರನೇ ಸಾಲಿಗೆ ಬಂದು ಅವರು ಸೆರಗನ್ನು ಬಾಯಿಗೆ ಅಡ್ಡ ಇಟ್ಟುಕೊಂಡರು.

“ಏನಮ್ಮಾ?” ಎಂದೆ.

“ಬ್ಯಾಂಕ್ ಸಾಬ್ ಕೋ ನಕ್ಕೋ ಬೋಲೋ.”

ಅದನ್ನು ಕನ್ನಡಕ್ಕೆ ಹೇಳುವ ಅಗತ್ಯ ಬೀಳಲಿಲ್ಲ. ಮೊಮ್ಮಗಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಎರಡು ಲೋಟ ಗ್ಲೂಕೋಸ್ ಎಂದು ನಾನು ನಲವತ್ತೇಳು ವರ್ಷ ನಂಬಿದ್ದೆನಲ್ಲ! ಆ ಅಂಗಿಯನ್ನು ಪ್ರದರ್ಶನದ ದಿನ ನಾನೇ ಕೈಯಾರೆ ಕ್ಯಾಶಿಯರಿಗೆ ತೊಡಿಸಿದ್ದೆ. ಹೊರಗಿನಿಂದ ಒಂದು ದಾರವೂ ಆಚೀಚೆ ಆಗಿರಲಿಲ್ಲ.

ಆ ತಾಯಿ ಮೊಮ್ಮಗಳನ್ನು ಹತ್ತಿರ ಕೂರಿಸಿಕೊಂಡು ಹಳೆಯ ಅಂಗಿಯೊಂದರ ಮೇಲೆ ಕಂಕುಳನ್ನು ಬಿಟ್ಟು ಹೊಲಿಯುವುದು ಹೇಗೆ, ಕೈ ಇಳಿಸಿದಾಗ ಅದು ಕಾಣದಂತೆ ಮಡಿಕೆ ಬೀಳಿಸುವುದು ಹೇಗೆ ಎಂದು ತೋರಿಸಿದರು. ಕಂಬಳಿ ಬೇಡ, ಗೋಣಿ ಬಟ್ಟೆಗೆ ಕರಿ ಬಣ್ಣ ಸಾಕು ಎಂದು ಮಗ ಅಂದ. ಈ ಸಲ ನಾನು ಬಾಯಿ ಬಿಡಲಿಲ್ಲ.

ಹೊರಡುವಾಗ ಆ ತಾಯಿ ಹಾಳೆಯನ್ನು ಕೈಯಲ್ಲೇ ಹಿಡಿದುಕೊಂಡಿದ್ದ ಹಾಗೆ ಕೇಳಿದರು. “ಅವರ ಅಳತೆ ಪುಸ್ತಕ ಎಲ್ಲಾ ಅಂಗಡಿಗೆ ಬಣ್ಣ ಹೊಡೆಸುವಾಗ ರದ್ದಿಗೆ ಹೋಯ್ತು ಸಾಬ್. ಅವರು ಬರೆದಿರೋದು ಮನೇಲಿ ಒಂದೂ ಇಲ್ಲ. ಇದು ಇಲ್ಲೇ ಇರ್ಲಾ?”

ಮೊಮ್ಮಗಳು ನನ್ನ ಮುಖ ನೋಡಿದಳು. ಕೊಟ್ಟು ಬಂದೆವು.

ಹೊಸ ಚಿತ್ರವನ್ನು ಅವಳೇ ಬರೆದಿದ್ದಾಳೆ. ಮುಂದೊಂದು, ಹಿಂದೊಂದು. ಮುಖದ ಜಾಗದಲ್ಲಿ ಬರೀ ಸೊನ್ನೆ. ಗೋಣಿ ಬಟ್ಟೆಯ ಚೂರು ಗುಂಡುಸೂಜಿಯಲ್ಲಿ. ಆದರೆ ಬಲಗಡೆ ನಾಲ್ಕು ಬೆರಳು ಅಗಲದಷ್ಟು ಖಾಲಿ ಜಾಗ ಬಿಟ್ಟಿದ್ದಳು.

“ಇಷ್ಟೊಂದು ಅಂಚು ಯಾಕಮ್ಮ?” ಎಂದು ಕೇಳಿದೆ.

“ಟೈಲರ್ ಅಂಕಲ್ ಬರೆಯೋಕೆ. ಪೆನ್ಸಿಲ್ ಬೇಡ, ಪೆನ್ನಲ್ಲೇ ಬರೀರಿ ಅಂತ ಹೇಳಿದೀನಿ” ಅಂದಳು.